ಕಸದ ಎಣ್ಣಿ ಕುಡಿದ ನೆಲಕ್ಕೆ ಯೂರಿಯಾ ಮದ್ದಾಗುತ್ತಾ?

ಕಳೆದ ಹಿಂಗಾರಿಯಲ್ಲಿ ಮನಗೂಳಿಗೆ ಹೋಗಿದ್ದೆ. ವಿಜಯಪುರದಿಂದ ಹೊಸಪೇಟೆ ಕಡೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು, ಸುತ್ತ ಕಣ್ಣು ಹಾಯುವಷ್ಟು ದೂರ ಎರಿ ಹೊಲ. ಕಾಕಾನ ಹೊಲದಲ್ಲಿ ಕಡಲೆ ಮೇಲೆದ್ದು ಮೂರು ವಾರ ಆಗಿತ್ತು. ನಡುವಿನ ಸಾಲುಗಳು ಚೆನ್ನಾಗಿಯೇ ಇದ್ದವು. ಆದರೆ ಬದುವಿನ ಬದಿಗೆ, ಅಂದರೆ ಪಂಪು ಹೊತ್ತವರು ತಿರುಗಿ ಮತ್ತೊಂದು ಸಾಲು ಹಿಡಿಯುವ ಜಾಗದಲ್ಲಿ, ಗಿಡಗಳ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ ಸುಟ್ಟಂತೆ ಕಾಣುತ್ತಿದ್ದವು.

"ಮುಂಗಾರ್ಯಾಗ ಗೋವಿನಜೋಳ ಹಾಕಿದ್ದೆ ತಮ್ಮಾ. ಕಸ ಬಾಳ ಆಗ್ತದ ಅಂತ ಬಿತ್ತಿದ ಮರುದಿನಾನೇ ಎಣ್ಣಿ ಹೊಡದೆ. ಈಗ ಕಡ್ಲಿ ನೋಡು, ಹಿಂಗ ಆಗ್ಯಾವ" ಅಂದ ಕಾಕಾ. ಗೊಬ್ಬರದ ಅಂಗಡಿಯವರನ್ನು ಕೇಳಿದ್ದನಂತೆ. ಅವರು ಹೇಳಿದ್ದು: "ನೆಲದ ಶಕ್ತಿ ಕಡಿಮಿ ಆಗ್ಯಾದ. ಒಂದ್ ಚೀಲ ಯೂರಿಯಾ ಒಗೀರಿ, ಎಣ್ಣಿ ನಂಜು ಇಳೀತದ."

ಕಾಕಾ ನನ್ನ ಕಡೆ ತಿರುಗಿದ. "ನೀ ಇಂಜಿನಿಯರ್ ಓದಿ, ಈಗ ಪೇಪರ್‌ನ್ಯಾಗ ಬರೀತಿ. ಹೇಳ್ ನೋಡೂಣು, ಇದು ಖರೇನೋ ಸುಳ್ಳೋ?"

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿದೆ, ಗೊತ್ತಿದ್ದವರನ್ನು ಕೇಳಿದೆ. ಈಗ ಹೇಳುವುದಾದರೆ ಅಂಗಡಿಯವರ ಮಾತು ಅರ್ಧ ಖರೆ. ಗೊಬ್ಬರ ಹಾಕಿ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಬಲ ಕೊಟ್ಟು, ಅವುಗಳಿಂದಲೇ ವಿಷ ಕರಗಿಸುವ ದಾರಿ ನಿಜವಾಗಿಯೂ ಇದೆ. ಆದರೆ ಯಾವ ವಿಷಕ್ಕೆ ಯಾವ ಗೊಬ್ಬರ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಗೋವಿನಜೋಳಕ್ಕೆ ಹೆಚ್ಚಾಗಿ ಹೊಡೆಯುವ ಅಟ್ರಾಜಿನ್ ವಿಷಯದಲ್ಲಿ ಯೂರಿಯಾ ಮದ್ದಲ್ಲ, ಅಡ್ಡಿ. ನಮ್ಮ ಸರ್ಕಾರಗಳು ಕೈಬಿಚ್ಚಿ ದುಡ್ಡು ಸುರಿಯುವುದು ಮಾತ್ರ ಆ ಯೂರಿಯಾಕ್ಕೇ. ಈ ಬರಹ ಇರುವುದು ಈ ಎರಡು ಮಾತುಗಳನ್ನು ಜೋಡಿಸಿ ನೋಡಲಿಕ್ಕೆ.

ರೈತನನ್ನು ಬೈಯುವ ಮೊದಲು

ಕಳೆನಾಶಕ ಅಂದ ತಕ್ಷಣ ನಗರದ ನಮ್ಮಂಥವರು "ಈ ರೈತರಿಗೆ ಬುದ್ಧಿ ಇಲ್ವಾ" ಅಂತ ಶುರು ಮಾಡ್ತೀವಿ. ಸ್ವಲ್ಪ ತಡೆಯಿರಿ.

ವಿಜಯಪುರ ಜಿಲ್ಲೆ ಹಿಂಗಾರಿ ಜೋಳದ ಸೀಮೆ. "ಡೋಣಿ ಹರಿದರೆ ಓಣೆಲ್ಲ ಜೋಳ" ಎಂಬ ಗಾದೆ ಹುಟ್ಟಿದ್ದು ಇಲ್ಲೇ. ಹಳೆಯ ಪದ್ಧತಿಯಲ್ಲಿ ಎರಿ ಹೊಲವನ್ನು ಮುಂಗಾರಿನಲ್ಲಿ ಖಾಲಿ ಬಿಟ್ಟು, ಎರಡು ಮೂರು ಸಲ ಹರಗಿ, ಕಸ ಒಣಗಿಸಿ, ಮಳೆ ನೀರನ್ನು ನೆಲದಲ್ಲೇ ಹಿಡಿದಿಟ್ಟು, ಹಿಂಗಾರಿಯಲ್ಲಿ ಜೋಳ, ಕಡಲೆ, ಕುಸುಬೆ ಬಿತ್ತುತ್ತಿದ್ದರು. ಎಡೆಕುಂಟೆ ಹೊಡೆಯಲು ಎತ್ತು, ಸಾಲಿನ ನಡುವಿನ ಕಸ ಕೀಳಲು ಹೆಣ್ಣುಮಕ್ಕಳ ಕೈ. ಅಷ್ಟರಲ್ಲಿ ಬೇಸಾಯ ನಡೆಯುತ್ತಿತ್ತು.

ಈಗ ಚಿತ್ರ ಬೇರೆ. ಆಲಮಟ್ಟಿಯ ಹಿನ್ನೀರು ಮುಳವಾಡ ಏತ ನೀರಾವರಿಯ ಮೂಲಕ ಬಸವನ ಬಾಗೇವಾಡಿ ಸೀಮೆಗೆ ಬಂದಿದೆ. ನೀರು ಬಂದ ಕಡೆ ಕಬ್ಬು, ಗೋವಿನಜೋಳ ಬಂದವು. ವರ್ಷಕ್ಕೆ ಒಂದು ಬೆಳೆ ಇದ್ದಲ್ಲಿ ಎರಡಾಯಿತು. ನೀರಿದ್ದ ಹೊಲದಲ್ಲಿ ಕಸವೂ ಜೋರು. ಮಳೆ ಹಿಡಿದರೆ ಎರಿ ಮಣ್ಣು ಅಂಟಾಗಿ ಕಾಲಿಡಲಿಕ್ಕೂ ಬಿಡುವುದಿಲ್ಲ, ಕುಂಟೆ ಹೊಡೆಯುವುದು ದೂರದ ಮಾತು. ಮಣ್ಣು ಆರಿ ಹದಕ್ಕೆ ಬರುವಷ್ಟರಲ್ಲಿ ಕಸ ಬೆಳೆಯನ್ನು ಮೀರಿರುತ್ತದೆ.

ಎತ್ತುಗಳೂ ಕಡಿಮೆಯಾಗಿವೆ, ಟ್ರ್ಯಾಕ್ಟರ್ ಬಂದಿದೆ. ಆಳು ಸಿಗುವುದಿಲ್ಲ, ಯಾಕಂದರೆ ದುಡಿಯುವ ಕೈಗಳು ಗೋವಾ, ಪುಣೆ, ಮಂಗಳೂರು ಕಡೆ ಗುಳೆ ಹೋಗಿವೆ. ಊರಲ್ಲಿ ಉಳಿದ ಹೆಣ್ಣುಮಕ್ಕಳು ದಿನವಿಡೀ ಬಿಸಿಲಲ್ಲಿ ಬಗ್ಗಿ ಕಸ ತೆಗೆಯುವ ಕೆಲಸವನ್ನು ಕಡಿಮೆ ಕೂಲಿಗೆ ಮಾಡಬೇಕು ಅಂತ ಹೇಳುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ. ಇಂಥಲ್ಲಿ ಒಂದು ಪಾಕೀಟು ಅಟ್ರಾಜಿನ್ ರೈತನಿಗೆ ವಾರಗಟ್ಟಲೆ ಕೂಲಿ ಉಳಿಸುತ್ತದೆ. ಇದು ಮೂರ್ಖತನ ಅಲ್ಲ, ಲೆಕ್ಕಾಚಾರ. ಆ ಲೆಕ್ಕದಲ್ಲಿ ಒಂದು ಖರ್ಚು ಸೇರಿಲ್ಲ ಅಷ್ಟೇ: ಮಣ್ಣಿನೊಳಗಿನ ಖರ್ಚು.

ಮಣ್ಣಿನೊಳಗೆ ಏನಾಗುತ್ತದೆ

ನಾನು ಓದಿದ್ದು ಇಲೆಕ್ಟ್ರಾನಿಕ್ಸ್. ಕೆಪಾಸಿಟರ್ ಡಿಸ್ಚಾರ್ಜ್ ಆಗುವ ಗ್ರಾಫ್ ನೆನಪಿರುವವರಿಗೆ ಕಳೆನಾಶಕದ ಕಥೆ ಸುಲಭ. ಮೊದಲು ವೇಗವಾಗಿ ಇಳಿಯುತ್ತದೆ, ಆಮೇಲೆ ಉದ್ದ ಬಾಲ. ಅರ್ಧದಷ್ಟು ಕರಗಲು ಬೇಕಾಗುವ ಕಾಲಕ್ಕೆ ಅರ್ಧಾಯುಷ್ಯ ಅಂತಾರೆ. ಅಟ್ರಾಜಿನ್‌ಗೆ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿ ಸುಮಾರು 60 ದಿನ.

ಒಂದು ಲೆಕ್ಕ ಮಾಡೋಣ. ಜೂನ್ ಕೊನೆಗೆ ಹೊಡೆದಿದ್ದು, ಅಕ್ಟೋಬರ್ ಎರಡನೇ ವಾರಕ್ಕೆ ಕಡಲೆ ಬಿತ್ತನೆ. ನಡುವೆ ಸುಮಾರು 105 ದಿನ. ಅರ್ಧಾಯುಷ್ಯ 60 ದಿನ ಆದರೆ ಬಿತ್ತುವ ಹೊತ್ತಿಗೆ ಇನ್ನೂ ಸುಮಾರು 30% ಉಳಿದಿರುತ್ತದೆ. ಅದೇ 120 ದಿನ ಆದರೆ 54%ಕ್ಕಿಂತ ಹೆಚ್ಚು. ಪಂಪು ತಿರುಗಿಸುವ ಜಾಗದಲ್ಲಿ ಎರಡು ಸಲ ಬಿದ್ದಿದ್ದರೆ ಅಲ್ಲಿ ಉಳಿದದ್ದೂ ಎರಡು ಪಟ್ಟು. ಕಾಕಾನ ಹೊಲದ ಬದು ಯಾಕೆ ಮೊದಲು ಹಳದಿಯಾಯಿತು ಅನ್ನುವುದಕ್ಕೆ ಇದು ಹೊಂದುವ ವಿವರಣೆ.

60 ದಿನ ಎಂಬುದು ಎಲ್ಲ ಮಣ್ಣಿಗೂ ಒಂದೇ ಅಲ್ಲ. ಬೆಚ್ಚಗಿನ, ಹಸಿ ಇರುವ, ಸಾವಯವ ಇಂಗಾಲ ತುಂಬಿದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ವರ್ಷ ವರ್ಷ ಅದೇ ಔಷಧ ಬಿದ್ದ ಹೊಲದಲ್ಲಿ ಅದನ್ನೇ ತಿನ್ನಲು ಕಲಿತ ಬ್ಯಾಕ್ಟೀರಿಯಾಗಳು ಹೆಚ್ಚಾಗಿ, ಬೇಗ ಕರಗುವುದೂ ಉಂಟು. ಆದರೆ ಮಣ್ಣು ಒಣಗಿದರೆ ಈ ಕೆಲಸ ನಿಧಾನವಾಗುತ್ತದೆ. ಅಟ್ರಾಜಿನ್ ಹುಳಿ ಮಣ್ಣಿನಲ್ಲಿ ರಾಸಾಯನಿಕವಾಗಿಯೂ ಒಡೆಯುತ್ತದೆ, ಕ್ಷಾರೀಯ ಮಣ್ಣಿನಲ್ಲಿ ಆ ದಾರಿಯೂ ಬಹುಮಟ್ಟಿಗೆ ಮುಚ್ಚಿರುತ್ತದೆ. ನಮ್ಮ ಎರಿ ಮಣ್ಣು ಕ್ಷಾರೀಯ, ಪಿಎಚ್ ಸಾಮಾನ್ಯವಾಗಿ 8ರ ಮೇಲೆ. ಮಳೆ ಕಡಿಮೆ, ಸಾವಯವ ಇಂಗಾಲವೂ ಕಡಿಮೆ. ಅಂದರೆ ಕಳೆನಾಶಕ ತಡವಾಗಿ ಕರಗಲು ಬೇಕಾದ ಮೂರು ಕಾರಣಗಳೂ ಇಲ್ಲಿ ಒಟ್ಟಿಗೆ ಇವೆ.

ಇನ್ನು ಬೆಳೆಯ ವಿಷಯ. ಗೋವಿನಜೋಳ, ಬಿಳಿಜೋಳ ಅಟ್ರಾಜಿನ್ ತಡೆದುಕೊಳ್ಳುತ್ತವೆ, ಅವುಗಳ ಒಳಗೇ ಅದನ್ನು ನಿರುಪದ್ರವಿ ಮಾಡುವ ವ್ಯವಸ್ಥೆ ಇದೆ. ಕಡಲೆ, ಸೂರ್ಯಕಾಂತಿ, ಕುಸುಬೆಯಂಥ ಅಗಲ ಎಲೆಯ ಬೆಳೆಗಳಿಗೆ ಆ ಬಲ ಇಲ್ಲ. ಗೋವಿನಜೋಳದ ನಂತರ ಕಡಲೆ ಎಂಬ ಪಾಳಿ ಹೊಲಕ್ಕೆ ಬಂದಾಗ ಈ ಸಮಸ್ಯೆಯೂ ಜೊತೆಗೇ ಬಂತು.

ಒಂದು ಎಚ್ಚರಿಕೆ: ಕಡಲೆ ಹಳದಿಯಾದ್ದಕ್ಕೆಲ್ಲ ಕಳೆನಾಶಕವೇ ಕಾರಣ ಅಲ್ಲ. ಸುಣ್ಣದಂಶ ಹೆಚ್ಚಿರುವ ಎರಿ ಮಣ್ಣಿನಲ್ಲಿ ಕಬ್ಬಿಣದ ಕೊರತೆಯಿಂದಲೂ ಹಳದಿ ಬರುತ್ತದೆ. ಆದರೆ ಅದು ಎಳೆಯ ಎಲೆಯಿಂದ ಶುರುವಾಗುತ್ತದೆ, ಅಟ್ರಾಜಿನ್ ಹಾನಿ ಹಳೆಯ ಎಲೆಯಿಂದ. ಯಾವುದು ಅಂತ ಖಚಿತ ಮಾಡುವ ಲ್ಯಾಬ್ ಪರೀಕ್ಷೆ ಕಾಕಾನಂಥ ರೈತನಿಗೆ ಸುಲಭಕ್ಕೆ ಸಿಗುವುದಿಲ್ಲ. ಆ ಮಾತಿಗೆ ಮುಂದೆ ಬರ್ತೀನಿ.

ಅಲಾಸ್ಕದಲ್ಲಿ ಗೆದ್ದ ಗೊಬ್ಬರ

ಗೊಬ್ಬರದಿಂದ ವಿಷ ಕರಗಿಸುವ ಐಡಿಯಾಗೆ ದೊಡ್ಡ ಹೆಸರು ಬಂದಿದ್ದು ಅಲಾಸ್ಕದಲ್ಲಿ. 1989ರ ಮಾರ್ಚ್‌ನಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ಹಡಗು ಬಂಡೆಗೆ ಬಡಿದು ಕಚ್ಚಾ ತೈಲ ಸಮುದ್ರಕ್ಕೆ ಚೆಲ್ಲಿತು. ದಂಡೆಯ ಕಲ್ಲುಗಳಿಗೆ ತೈಲ ಮೆತ್ತಿಕೊಂಡಿತು. ಅಲ್ಲಿಗೆ ಹೊರಗಿನಿಂದ ಯಾವ ಬ್ಯಾಕ್ಟೀರಿಯಾವನ್ನೂ ತರಬೇಕಾಗಲಿಲ್ಲ. ತೈಲ ತಿನ್ನುವ ಬ್ಯಾಕ್ಟೀರಿಯಾಗಳು ಅಲ್ಲೇ ಇದ್ದವು. ಅವುಗಳಿಗೆ ಸಾರಜನಕ, ರಂಜಕ ಸಿಗಲಿ ಅಂತ ದಂಡೆಗೆ ಗೊಬ್ಬರ ಸಿಂಪಡಿಸಿದರು. ತೈಲ ಕರಗುವ ವೇಗ ಹಲವು ಪಟ್ಟು ಹೆಚ್ಚಿತು.

ಯಾಕೆ ಕೆಲಸ ಮಾಡಿತು? ತೈಲ ಅಂದರೆ ಬಹುಪಾಲು ಇಂಗಾಲ ಮತ್ತು ಜಲಜನಕ. ಬ್ಯಾಕ್ಟೀರಿಯಾಗೆ ಹೊಟ್ಟೆ ತುಂಬ ಇಂಗಾಲ ಸಿಕ್ಕಿತು, ಆದರೆ ಮೈ ಕಟ್ಟಿಕೊಳ್ಳಲು ಬೇಕಾದ ಸಾರಜನಕ ಸಿಗಲಿಲ್ಲ. ಬರೀ ರೊಟ್ಟಿ ಇದೆ, ಪಲ್ಯ ಇಲ್ಲ ಅನ್ನುವ ಸ್ಥಿತಿ. ಗೊಬ್ಬರ ಪಲ್ಯ ಬಡಿಸಿತು. ಊಟ ಸಾಗಿತು.

ಅಂಗಡಿಯವರ ಮಾತಿನ ಖರೆ ಭಾಗ ಇದು. ಇಂಗಾಲ ಹೆಚ್ಚಿ ಸಾರಜನಕ ಕಡಿಮೆ ಇರುವ ಮಾಲಿನ್ಯಕ್ಕೆ ಸಾರಜನಕದ ಗೊಬ್ಬರ ನಿಜವಾಗಿಯೂ ನೆರವಾಗುತ್ತದೆ.

ಅಟ್ರಾಜಿನ್‌ಗೆ ಅದೇ ಗೊಬ್ಬರ ಯಾಕೆ ಅಡ್ಡಿ

ಅಟ್ರಾಜಿನ್ ಅಣುವಿನಲ್ಲಿ ಇಂಗಾಲದ ಪರಮಾಣು 8, ಸಾರಜನಕದ ಪರಮಾಣು 5. ಅಂದರೆ ಅದೇ ಒಂದು ಸಾರಜನಕದ ಮೂಟೆ.

1995ರಲ್ಲಿ ಅಮೆರಿಕದ ಮಿನೆಸೋಟಾದ ವಿಜ್ಞಾನಿಗಳು ಸ್ಯೂಡೊಮೊನಾಸ್ ಎಡಿಪಿ ಎಂಬ ಬ್ಯಾಕ್ಟೀರಿಯಾದ ಬಗ್ಗೆ ಬರೆದರು. ಕಳೆನಾಶಕ ಚೆಲ್ಲಿದ್ದ ಜಾಗದ ಮಣ್ಣಿನಲ್ಲಿ ಸಿಕ್ಕ ಇದು ಅಟ್ರಾಜಿನ್ ಅನ್ನೇ ಸಾರಜನಕದ ಆಹಾರ ಮಾಡಿಕೊಂಡು ಬದುಕುತ್ತಿತ್ತು. ಆ ಅಣುವನ್ನು ಹಂತ ಹಂತವಾಗಿ ಒಡೆಯುವ ಜೀನ್‌ಗಳನ್ನೂ ಆಮೇಲೆ ಪತ್ತೆ ಮಾಡಿದರು. ಇಂಥ ಬ್ಯಾಕ್ಟೀರಿಯಾಗಳು ಜಗತ್ತಿನ ಬೇರೆ ಬೇರೆ ಕಡೆಯ ಹೊಲಗಳಲ್ಲಿ ಸಿಕ್ಕಿವೆ.

ಈಗ ಮುಖ್ಯ ವಿಷಯ. ಈ ಬ್ಯಾಕ್ಟೀರಿಯಾ ಅಟ್ರಾಜಿನ್‌ನ ಗಟ್ಟಿ ಉಂಗುರವನ್ನು ಒಡೆಯುವುದು ಸಾರಜನಕದ ಹಸಿವಿಗಾಗಿ. ಪಕ್ಕದಲ್ಲೇ ಯೂರಿಯಾ, ಅಮೋನಿಯಾ, ನೈಟ್ರೇಟ್ ಸುಲಭಕ್ಕೆ ಸಿಕ್ಕರೆ ಆ ಕಷ್ಟ ಅದಕ್ಯಾಕೆ ಬೇಕು? ಎದುರಿಗೆ ಹೋಳಿಗೆ ಊಟ ಬಡಿಸಿಟ್ಟರೆ ಯಾರು ಕಬ್ಬಿನ ಸಿಪ್ಪೆ ಜಗೀತಾರೆ? ಸಾರಜನಕದ ಗೊಬ್ಬರ ಹಾಕಿದ ಮಣ್ಣಿನಲ್ಲಿ ಅಟ್ರಾಜಿನ್ ಕರಗುವ ವೇಗ ಕುಸಿಯುತ್ತದೆ ಅನ್ನುವುದು ಲ್ಯಾಬ್ ಮತ್ತು ಮಣ್ಣಿನ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕಾಕಾ ಆ ಒಂದು ಚೀಲ ಯೂರಿಯಾ ಒಗೆದಿದ್ದರೆ ನಂಜು ಇಳಿಯುವ ಬದಲು ಇನ್ನಷ್ಟು ದಿನ ಉಳಿಯುವ ಸಾಧ್ಯತೆಯೇ ಹೆಚ್ಚಿತ್ತು.

ಕಡಲೆಗೆ ಇನ್ನೊಂದು ಏಟು. ಕಡಲೆಯ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಯೂರಿಯಾ ಹೆಚ್ಚಾದರೆ ಗಿಡ ಈ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಪುಕ್ಕಟೆ ಗೊಬ್ಬರದ ಕಾರ್ಖಾನೆ ಮುಚ್ಚಿಸಿ, ಅಂಗಡಿಯಿಂದ ಚೀಲ ತಂದಂತೆ.

ಗ್ಲೈಫೋಸೇಟ್‌ನಲ್ಲೂ ಇಂಥದ್ದೇ ಒಂದು ತಿರುವು ಇದೆ. ಅದರಲ್ಲಿ ರಂಜಕ ಇದೆ. ರಂಜಕದ ಹಸಿವಿನಲ್ಲಿರುವ ಎಷ್ಟೋ ಬ್ಯಾಕ್ಟೀರಿಯಾಗಳು ಅದರ ಇಂಗಾಲ-ರಂಜಕದ ಬೆಸುಗೆಯನ್ನು ಒಡೆಯಬಲ್ಲವು, ರಂಜಕ ಸುಲಭಕ್ಕೆ ಸಿಕ್ಕರೆ ಆ ಕೆಲಸ ನಿಲ್ಲಿಸುತ್ತವೆ. ಅಷ್ಟೇ ಅಲ್ಲ, ಗ್ಲೈಫೋಸೇಟ್ ಮತ್ತು ಫಾಸ್ಫೇಟ್ ಎರಡೂ ಮಣ್ಣಿನ ಕಣಗಳ ಮೇಲೆ ಒಂದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಡಿಎಪಿಯಂಥ ಗೊಬ್ಬರ ಬಿದ್ದಾಗ ಅಂಟಿಕೊಂಡಿದ್ದ ಗ್ಲೈಫೋಸೇಟ್ ಬಿಟ್ಟು ಹೊರಬಂದು ನೀರಿನ ಜೊತೆ ಸಾಗಬಹುದು.

ಹಾಗಾದರೆ ಯಾವ ಗೊಬ್ಬರ? ಇಂಗಾಲ ಕೊಡುವ ಗೊಬ್ಬರ. ತಿಪ್ಪೆ ಗೊಬ್ಬರ, ಎರೆಹುಳು ಗೊಬ್ಬರ, ಹಸಿರೆಲೆಗೆ ಸೆಣಬು, ಕಬ್ಬಿನ ರವದಿ, ಜೋಳದ ದಂಟಿನ ಪುಡಿ. ಇಂಗಾಲ ಹೆಚ್ಚಿದ್ದು ಸಾರಜನಕ ಕಡಿಮೆ ಇರುವ ರವದಿ, ದಂಟು ಸೇರಿಸಿದಾಗ ಮಣ್ಣಿನ ಜೀವಿಗಳು ಹೆಚ್ಚುತ್ತವೆ, ಸಾರಜನಕ ಸಾಲದೆ ಅಟ್ರಾಜಿನ್ ಕಡೆ ತಿರುಗುವ ಸಾಧ್ಯತೆಯೂ ಹೆಚ್ಚುತ್ತದೆ. ಆದರೆ ಅದೇ ಹಸಿವು ಬೆಳೆಗೂ ತಾಗುತ್ತದೆ, ಹಾಗಾಗಿ ಬಿತ್ತುವುದಕ್ಕೆ ಸಾಕಷ್ಟು ಮೊದಲೇ ಹಾಕಬೇಕು. ಕಳಿತ ಗೊಬ್ಬರ ಇನ್ನೊಂದು ಕೆಲಸ ಮಾಡುತ್ತದೆ: ಕಳೆನಾಶಕವನ್ನು ತನಗೆ ಅಂಟಿಸಿಕೊಂಡು ಬೇರಿಗೆ ಸಿಗದಂತೆ ಹಿಡಿದಿಡುತ್ತದೆ. ಹಿಡಿದಿಟ್ಟದ್ದು ಕೆಲವೊಮ್ಮೆ ತಡವಾಗಿ ಕರಗುವುದೂ ಉಂಟು. ಮ್ಯಾಜಿಕ್ ಏನಿಲ್ಲ, ಆದರೆ ಬೆಳೆಗೆ ಏಟು ಕಡಿಮೆ, ಬಾವಿಗೆ ಇಳಿಯುವುದೂ ಕಡಿಮೆ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಶಿಫಾರಸು ಮಾಡಿದ ಪ್ರಮಾಣದಲ್ಲಿ ಒಂದು ಸಲ ಹೊಡೆದರೆ ಮಣ್ಣಿನ ಸೂಕ್ಷ್ಮಜೀವಿಗಳು ಕುಗ್ಗಿದರೂ ಅನೇಕ ಸಲ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. "ಎಣ್ಣಿ ಬಿದ್ದರೆ ಮಣ್ಣು ಸತ್ತೇ ಹೋಯ್ತು" ಅನ್ನುವುದು ಭಾಷಣ, ವಿಜ್ಞಾನ ಅಲ್ಲ. ಚಿಂತೆ ಇರುವುದು ಚೇತರಿಸಿಕೊಳ್ಳಲು ಆಹಾರವೇ ಇಲ್ಲದ ಮಣ್ಣಿಗೆ ವರ್ಷಕ್ಕೆ ಎರಡು ಮೂರು ಥರದ ಔಷಧಗಳು ಸಾಲಾಗಿ ಬಿದ್ದಾಗ.

ದುಡ್ಡು ಎಲ್ಲಿಗೆ ಹೋಗ್ತಿದೆ?

ಇಲ್ಲಿಂದ ರಾಜಕೀಯ ಶುರು.

2023ರ ಜೂನ್ 28ರಂದು ಒಕ್ಕೂಟ ಸರ್ಕಾರದ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ಒಂದೇ ಪ್ಯಾಕೇಜಿನಲ್ಲಿ ಎರಡು ತೀರ್ಮಾನ ಮಾಡಿತು. ಯೂರಿಯಾ ಸಬ್ಸಿಡಿಗೆ 2022-23ರಿಂದ 2024-25ರವರೆಗಿನ ಮೂರು ವರ್ಷಕ್ಕೆ ₹3,68,676 ಕೋಟಿ. ಸಾವಯವ ಗೊಬ್ಬರದ ಮಾರುಕಟ್ಟೆ ನೆರವಿಗೆ 2023-24ರಿಂದ 2025-26ರವರೆಗಿನ ಮೂರು ವರ್ಷಕ್ಕೆ ₹1,451.84 ಕೋಟಿ. ಭಾಗಿಸಿ ನೋಡಿ. ಸಾವಯವಕ್ಕೆ ಒಂದು ರೂಪಾಯಿ ಇಟ್ಟರೆ ಯೂರಿಯಾಕ್ಕೆ ಸುಮಾರು 254 ರೂಪಾಯಿ.

ಆ ಒಂದು ರೂಪಾಯಿಯೂ ಕಾಕಾನ ತಿಪ್ಪೆಗೆ ಬರುವುದಿಲ್ಲ. ಟನ್ನಿಗೆ ₹1,500ರ ಆ ನೆರವು ಇರುವುದು ಗೋಬರ್‌ಧನ್ ಯೋಜನೆಯ ಬಯೋಗ್ಯಾಸ್ ಘಟಕಗಳಿಂದ ಬರುವ ಗೊಬ್ಬರಕ್ಕೆ. ತನ್ನ ಹೊಲದ ಕಸ, ದನದ ಸಗಣಿ ಕೂಡಿಸಿ ವರ್ಷಪೂರ್ತಿ ಕೊಳೆಸಿ ಹೊಲಕ್ಕೆ ಹೊರುವ ರೈತ ಈ ಲೆಕ್ಕದಲ್ಲಿ ಇಲ್ಲ.

45 ಕೆ.ಜಿ. ಯೂರಿಯಾ ಚೀಲ ₹266ಕ್ಕೆ ಸಿಗುತ್ತದೆ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ರಂಜಕ, ಪೊಟ್ಯಾಷ್ ಗೊಬ್ಬರಗಳನ್ನು ಅದರೊಳಗೆ ತಂದರು, ಯೂರಿಯಾವನ್ನು ಹೊರಗಿಟ್ಟರು. ಅಗ್ಗ ಇರುವುದನ್ನೇ ಎಲ್ಲರೂ ಹಾಕ್ತಾರೆ, ಬೆಲೆಯೇ ಹಾಗೆ ಹೇಳಿಕೊಡುತ್ತದೆ. 2025ರ ಮುಂಗಾರಿನಲ್ಲಿ ರಾಜ್ಯದ ತುಂಬ ಯೂರಿಯಾಕ್ಕೆ ಸಾಲು ನಿಂತರು. ಕೊಪ್ಪಳದಲ್ಲಿ ರೈತರೊಬ್ಬರು ಸಿಟ್ಟಿಗೆ ಮಣ್ಣು ತಿಂದ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಬೆಂಗಳೂರು ದಿಲ್ಲಿಯನ್ನು ಬೈದಿತು, ದಿಲ್ಲಿ ಬೆಂಗಳೂರನ್ನು ಬೈದಿತು. ಗೋವಿನಜೋಳದ ಬಿತ್ತನೆ ಹೆಚ್ಚಾಗಿ ಯೂರಿಯಾ ಬೇಡಿಕೆ ಏರಿತು ಅಂತ ರಾಜ್ಯ ಸರ್ಕಾರ ಹೇಳಿತು. ಗೋವಿನಜೋಳ ಹೆಚ್ಚಿದರೆ ಅಟ್ರಾಜಿನ್ನೂ ಹೆಚ್ಚುತ್ತದಲ್ಲ, ಅದರ ನಂತರದ ಬೆಳೆಯ ಗತಿ ಏನು ಅಂತ ಮಾತ್ರ ಯಾವ ಕಡೆಯವರೂ ಕೇಳಲಿಲ್ಲ.

ಕಾಯ್ದೆಯ ಕಡೆ ಬನ್ನಿ. 2020ರ ಮೇ ತಿಂಗಳಲ್ಲಿ ಒಕ್ಕೂಟ ಸರ್ಕಾರ 27 ಕೀಟನಾಶಕ, ಕಳೆನಾಶಕಗಳನ್ನು ನಿಷೇಧಿಸುವ ಕರಡು ಆದೇಶ ಹೊರಡಿಸಿತು. ಅಟ್ರಾಜಿನ್, 2,4-ಡಿ, ಪೆಂಡಿಮೆಥಾಲಿನ್, ಬ್ಯುಟಾಕ್ಲೋರ್, ಡೈಯುರಾನ್ ಎಲ್ಲ ಆ ಪಟ್ಟಿಯಲ್ಲಿದ್ದವು. 2023ರಲ್ಲಿ ಅಂತಿಮ ಆದೇಶ ಬಂದಾಗ ಪೂರ್ತಿ ನಿಷೇಧವಾಗಿದ್ದು ಮೂರು: ಡೈಕೋಫಾಲ್, ಡೈನೋಕ್ಯಾಪ್, ಮೆಥೊಮಿಲ್. ಒಂದೂ ಕಳೆನಾಶಕ ಇಲ್ಲ. ಅಂತರ್ಜಲ ಕೆಡುತ್ತದೆ ಅಂತ ಐರೋಪ್ಯ ಒಕ್ಕೂಟ 2004ರಲ್ಲೇ ಅಟ್ರಾಜಿನ್‌ಗೆ ಅನುಮತಿ ನಿಲ್ಲಿಸಿತ್ತು. 1968ರ ಕಾಯ್ದೆಯ ಜಾಗಕ್ಕೆ ಬರಬೇಕಿದ್ದ ಕೀಟನಾಶಕ ನಿರ್ವಹಣಾ ಮಸೂದೆ 2020ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು, ಕಾಯ್ದೆಯಾಗಲಿಲ್ಲ.

ನಾಳೆಯೇ ಎಲ್ಲ ಕಳೆನಾಶಕ ನಿಷೇಧಿಸಿ ಅಂತ ನಾನು ಕೇಳ್ತಿಲ್ಲ. ಆಳು ಇಲ್ಲದ ಹೊಲಕ್ಕೆ ಬೇರೆ ದಾರಿ ಕೊಡದೆ ಔಷಧ ಕಿತ್ತುಕೊಂಡರೆ ಅದು ಇನ್ನೊಂದು ಅನ್ಯಾಯ. ಅನುಮತಿ ಕೊಟ್ಟ ಮೇಲೆ ಅದರ ಬಾಲ ಎಷ್ಟುದ್ದ ಅಂತ ನೋಡುವ ಜವಾಬ್ದಾರಿ ಯಾರದ್ದು ಅನ್ನುವುದಷ್ಟೇ ನನ್ನ ಪ್ರಶ್ನೆ.

ಕಾರ್ಡ್ ಇದೆ, ಆ ಸಾಲು ಇಲ್ಲ

2015ರ ಫೆಬ್ರವರಿಯಲ್ಲಿ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಶುರುವಾಯಿತು. ಕಾರ್ಡಿನಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಲವಣಾಂಶ, ಸಾವಯವ ಇಂಗಾಲ. ಹೆಸರು ಆರೋಗ್ಯ ಕಾರ್ಡ್. ಆದರೆ ಮಣ್ಣಿನಲ್ಲಿ ಜೀವ ಎಷ್ಟಿದೆ ಅಂತ ನೇರವಾಗಿ ಹೇಳುವ ಒಂದು ಸಾಲೂ ಇಲ್ಲ, ಔಷಧದ ಉಳಿಕೆಯ ಸಾಲೂ ಇಲ್ಲ. ರಕ್ತ ಪರೀಕ್ಷೆ ಮಾಡಿಸಿ ನಾಡಿ ನೋಡದೆ ಕಳಿಸಿದಂತೆ.

ಜೀವ ಅಳೆಯುವುದು ಅಸಾಧ್ಯವೇನಲ್ಲ. ಮಣ್ಣು ಎಷ್ಟು ಉಸಿರಾಡುತ್ತದೆ, ಡಿಹೈಡ್ರೋಜಿನೇಸ್ ಎಂಬ ಕಿಣ್ವ ಎಷ್ಟು ಚುರುಕಾಗಿದೆ ಅನ್ನುವ ಪರೀಕ್ಷೆಗಳನ್ನು ಕೃಷಿ ವಿದ್ಯಾರ್ಥಿಗಳು ಪ್ರಬಂಧಕ್ಕಾಗಿ ಮಾಡುತ್ತಲೇ ಇರುತ್ತಾರೆ. ವಿಜಯಪುರದ ಪಕ್ಕದ ಹಿಟ್ಟಿನಹಳ್ಳಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು, ಸಂಶೋಧನಾ ಕೇಂದ್ರ ಇವೆ. ಈ ಜಿಲ್ಲೆಯಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಗಿದ್ದು 1930ರ ದಶಕದಲ್ಲಿ. ತಿಳಿವಳಿಕೆ ಇಲ್ಲೇ ಇದೆ, ಅದನ್ನು ಕಾರ್ಡಿನವರೆಗೆ ತರುವ ದುಡ್ಡು ಮತ್ತು ಮನಸ್ಸು ಬೇಕು.

ಲ್ಯಾಬೇ ಬೇಡದ ಪರೀಕ್ಷೆಯೂ ಒಂದಿದೆ. ಬಿತ್ತುವ ತಿಂಗಳ ಮುಂಚೆ ಹೊಲದ ನಾಲ್ಕಾರು ಕಡೆಯಿಂದ, ಬದುವಿನ ಬದಿಯಿಂದ ಬೇರೆಯಾಗಿ, ಗೇಣುದ್ದದ ಆಳದ ಮಣ್ಣು ತೆಗೆದು ಕುಂಡಗಳಿಗೆ ತುಂಬಿ. ಎಣ್ಣಿ ತಾಗದ ಅದೇ ಥರದ ಮಣ್ಣನ್ನು ಇನ್ನೊಂದು ಕುಂಡಕ್ಕೆ ತುಂಬಿ. ಎರಡಕ್ಕೂ ಹತ್ತು ಹತ್ತು ಕಡಲೆ ಅಥವಾ ಸಾಸಿವೆ ಹಾಕಿ ನೀರು ಕೊಡಿ. ಅಟ್ರಾಜಿನ್ ಮೊಳಕೆಯನ್ನು ತಡೆಯುವುದಿಲ್ಲ, ಎಲೆ ಬಿಟ್ಟು ಬಿಸಿಲಿಗೆ ಆಹಾರ ಮಾಡಿಕೊಳ್ಳಲು ಶುರು ಮಾಡಿದ ಮೇಲೆ ಏಟು ಕೊಡುತ್ತದೆ. ಅದಕ್ಕೇ ಮೂರು ವಾರ ಕಾಯಬೇಕು. ಹೊಲದ ಮಣ್ಣಿನ ಗಿಡ ಮಾತ್ರ ಕೆಳಗಿನಿಂದ ಹಳದಿಯಾದರೆ ಆ ವರ್ಷ ಕಡಲೆ ಬೇಡ, ಜೋಳ ಬಿತ್ತಿ. ಹೋಬಳಿಯ ರೈತ ಸಂಪರ್ಕ ಕೇಂದ್ರದವರು ಇದನ್ನು ಹತ್ತು ಊರಲ್ಲಿ ಮಾಡಿ ತೋರಿಸಿದರೆ ದೊಡ್ಡ ಖರ್ಚೇನಿಲ್ಲ.

ಹಾಗಾದರೆ ಕೇಳಬೇಕಾದ್ದು ಏನು?

ಮೊದಲನೆಯದು, ಕಳೆನಾಶಕದ ಪಾಕೀಟಿನ ಮೇಲೆ "ಇದನ್ನು ಹೊಡೆದ ಹೊಲದಲ್ಲಿ ಇಷ್ಟು ದಿನ ಇಂಥ ಬೆಳೆ ಬಿತ್ತಬೇಡಿ" ಅಂತ ದೊಡ್ಡ ಕನ್ನಡ ಅಕ್ಷರದಲ್ಲಿ ಇರಬೇಕು. ಒಳಗೆ ಮಡಚಿಟ್ಟ ಚೀಟಿಯ ಸಣ್ಣಕ್ಷರದಲ್ಲಿ ಅಲ್ಲ.

ಎರಡನೆಯದು, ಮಣ್ಣು ಕಾರ್ಡಿಗೆ ಜೀವದ ಒಂದು ಸಾಲು ಸೇರಬೇಕು. ಕಳೆನಾಶಕ ಹೆಚ್ಚು ಬಳಸುವ ಕಬ್ಬು, ಗೋವಿನಜೋಳದ ಹೋಬಳಿಗಳಿಂದಲೇ ಶುರು ಮಾಡಬಹುದು.

ಮೂರನೆಯದು, ಇಂಗಾಲಕ್ಕೆ ದುಡ್ಡು. ರವದಿ ಸುಡದೆ ಪುಡಿ ಮಾಡಿ ಮಣ್ಣಿಗೆ ಸೇರಿಸುವವರಿಗೆ, ಸೆಣಬು ಬೆಳೆದು ಮಗುಚುವವರಿಗೆ, ತಿಪ್ಪೆ ಕಟ್ಟುವವರಿಗೆ ಎಕರೆ ಲೆಕ್ಕದಲ್ಲಿ ನೇರ ನೆರವು. ರಾಜ್ಯಗಳು ರಾಸಾಯನಿಕ ಗೊಬ್ಬರದ ಬಳಕೆ ಇಳಿಸಿದರೆ ಉಳಿದ ಸಬ್ಸಿಡಿಯ ಅರ್ಧ ಅವಕ್ಕೇ ಸಿಗುತ್ತದೆ ಅಂತ ಪಿಎಂ-ಪ್ರಣಾಮ್ ಯೋಜನೆ ಹೇಳುತ್ತದೆ. ಆದರೆ ಬದಲಿ ಇಂಗಾಲ ಕೊಡದೆ ಯೂರಿಯಾ ಇಳಿಸಿ ಅಂದರೆ ಇಳುವರಿ ಇಳಿಯುತ್ತದೆ, ರೈತ ಮತ್ತೆ ಸಾಲಿನಲ್ಲಿ ನಿಲ್ಲುತ್ತಾನೆ. ಮೊದಲು ಕೊಡಿ, ಆಮೇಲೆ ಇಳಿಸಿ.

ನಾಲ್ಕನೆಯದು ಹೆಚ್ಚು ಮುಖ್ಯ: ಲಾವಣಿ ರೈತರು. ವರ್ಷದ ಮಟ್ಟಿಗೆ ಹೊಲ ಹಿಡಿದವರು ಮೂರು ವರ್ಷಕ್ಕೆ ಫಲ ಕೊಡುವ ತಿಪ್ಪೆ ಗೊಬ್ಬರವನ್ನು ಬೇರೆಯವರ ನೆಲಕ್ಕೆ ಯಾಕೆ ಹೊರಬೇಕು? ಅವರಿಗೆ ಯೂರಿಯಾ ಮತ್ತು ಎಣ್ಣಿಯೇ ಲಾಭ. ಕಾರ್ಡೂ ಭೂಮಾಲೀಕರ ಹೆಸರಿಗೆ, ನೆರವೂ ಅವರ ಖಾತೆಗೆ. ಲಾವಣಿ ರೈತರನ್ನು ಲೆಕ್ಕಕ್ಕೆ ತರದ ಮಣ್ಣಿನ ನೀತಿ ನೆಲಕ್ಕೆ ಇಳಿಯುವುದಿಲ್ಲ.

ಐದನೆಯದು, ಕಸ ತೆಗೆಯುವ ಕೆಲಸವನ್ನು ಸುಲಭ ಮಾಡಿ. ಕೃಷಿ ಯಂತ್ರಧಾರೆ ಕೇಂದ್ರಗಳು ರಾಜ್ಯದಲ್ಲಿವೆ. ಅಲ್ಲಿ ದೊಡ್ಡ ಟ್ರ್ಯಾಕ್ಟರ್ ಜೊತೆಗೆ ಸಣ್ಣ ಕಳೆ ತೆಗೆಯುವ ಯಂತ್ರಗಳೂ, ಅವನ್ನು ನಡೆಸಲು ತರಬೇತಿ ಪಡೆದ ಊರಿನ ಹೆಣ್ಣುಮಕ್ಕಳೂ ಇರಲಿ, ಮರ್ಯಾದೆಯ ಕೂಲಿಗೆ. ಎಣ್ಣಿಯ ಬಳಕೆ ಅರ್ಧ ಇಳಿದರೂ ಸೂಕ್ಷ್ಮಜೀವಿಗಳಿಗೆ ಅದು ಎಲ್ಲ ಗೊಬ್ಬರಕ್ಕಿಂತ ದೊಡ್ಡ ಉಪಕಾರ.

ಹೋದ ವಾರ ಕಾಕಾಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಬದುವಿನ ಬದಿಯ ಕಡಲೆ ಹೋಯಿತು, ನಡುವಿನದು ಕೈಹಿಡಿಯಿತು ಅಂದ. ಯೂರಿಯಾ ಒಗೆಯಲಿಲ್ಲವಂತೆ. ಈ ಸಲ ಮಾಗಿ ಉಳುಮೆ ಮಾಡಿ, ಪಕ್ಕದ ಕಬ್ಬಿನ ಹೊಲದವರು ಸುಡಬೇಕಿದ್ದ ರವದಿಯನ್ನು ಕೇಳಿ ತಂದು ಹಾಕುತ್ತಾನಂತೆ. ಗೋವಿನಜೋಳಕ್ಕೆ ಮತ್ತೆ ಎಣ್ಣಿ ಹೊಡೆಯುವುದಾದರೆ ಹಿಂಗಾರಿಗೆ ಕಡಲೆ ಬಿಟ್ಟು ಬಿಳಿಜೋಳ.

ಆಮೇಲೆ ಅವನೇ ಕೇಳಿದ: "ಎಲ್ಲಾ ಖರೆ ತಮ್ಮಾ. ರವದಿ ಹೇರಾಕ ಟ್ರ್ಯಾಕ್ಟರ್ ಬಾಡಿಗಿ ನಾನ ಕೊಡಬೇಕು, ಪುಡಿ ಮಾಡೂ ಮಶೀನ್ ಬಾಡಿಗಿನೂ ನಾನ ಕೊಡಬೇಕು. ಯೂರಿಯಾಕ್ಕ ಸರಕಾರ ಕೊಡ್ತದ. ಇದಕ್ಕ ಯಾರ್ ಕೊಡ್ತಾರ?"

ಮೊದಲ ಪ್ರಶ್ನೆಗೆ ಉತ್ತರ ವಿಜ್ಞಾನದ ಪುಸ್ತಕಗಳಲ್ಲಿ ಸಿಕ್ಕಿತ್ತು. ಈ ಎರಡನೆಯದಕ್ಕೆ ಸಿಗುವುದಿಲ್ಲ. ಅದನ್ನು ಓಟು ಕೇಳಲು ಬರುವವರ ಮುಂದೆ, ಬಜೆಟ್ ಮಂಡಿಸುವವರ ಮುಂದೆ ನಾವು ನೀವೇ ಕೇಳಬೇಕು.